ಪದಪಟ್ಟಿ ಕಿತ್ತುಕೊಂಡ ಮಾತು

ಧಾರವಾಡದ ಸಪ್ತಾಪುರದಲ್ಲಿ ಬೆಳಗಾಗುವ ಮುಂಚೆಯೇ ತುಂಬುವ ರೀಡಿಂಗ್ ರೂಮುಗಳಿವೆ. ಪರೀಕ್ಷೆ ಕಟ್ಟುವ ಹುಡುಗ ಹುಡುಗಿಯರು ತಿಂಗಳ ಬಾಡಿಗೆ ಕೊಟ್ಟು ಅಲ್ಲಿ ಒಂದು ಕುರ್ಚಿ, ತಲೆ ಮೇಲೊಂದು ಫ್ಯಾನು, ಮೊಬೈಲಿಗೊಂದು ಪ್ಲಗ್ಗು ಪಡೆಯುತ್ತಾರೆ. ಅಂಥ ಒಂದು ರೀಡಿಂಗ್ ರೂಮಿನವರು ಹುಡುಗರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸಲು ನನ್ನನ್ನು ಕರೆದಿದ್ದರು. ಹಾವೇರಿ ಜಿಲ್ಲೆಯ ಹುಡುಗನೊಬ್ಬ ಎದುರಿಗೆ ಬಂದು ಕುಳಿತ. ಬಿ.ಎ. ಮುಗಿದು ಮೂರು ವರ್ಷವಾಗಿತ್ತು. ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳು ಅಂದೆ. ಊರು ‘ವರ್ಡೆಂಟ್’ ಅಂದ, ಗಾಳಿ ‘ಸಲೂಬ್ರಿಯಸ್’ ಅಂದ. ಎರಡೂ ಪದವನ್ನು ತಪ್ಪಿಲ್ಲದೆ ಉಚ್ಚರಿಸಿದ. ಆಮೇಲೆ ಸುಮ್ಮನಾದ. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ‘ಫಾರ್ಮರ್’. ಏನು ಬೆಳೆಯುತ್ತಾರೆ? ‘ಚಿಲ್ಲಿ’. ಹೇಗೆ ಬೆಳೆಯುತ್ತಾರೆ? ಹುಡುಗ ತಲೆ ತಗ್ಗಿಸಿದ.

“ಕನ್ನಡದಾಗ ಹೇಳು ತಮ್ಮಾ” ಅಂದೆ. ಬೆನ್ನು ನೆಟ್ಟಗಾಯಿತು. ಮಡಿಯಲ್ಲಿ ಸಸಿ ಎಬ್ಬಿಸುವುದು, ಮಳೆ ನೋಡಿ ಹೊಲಕ್ಕೆ ಹಚ್ಚುವುದು, ಎಡೆ ಹೊಡೆಯುವುದು, ಕಳೆ ತೆಗೆಯುವುದು, ಎಲೆ ಮುಟುರಿದರೆ ಎಣ್ಣೆ ಹೊಡೆಯುವುದು, ಹಣ್ಣು ಬಿಡಿಸಿ ಕಣದಲ್ಲಿ ಹರವಿ ಒಣಗಿಸುವುದು, ಸ್ವಲ್ಪ ತೇವ ಉಳಿದರೂ ಬ್ಯಾಡಗಿ ಪೇಟೆಯಲ್ಲಿ ದರ ಬೀಳುವುದು, ಎಲ್ಲವನ್ನೂ ಹತ್ತು ನಿಮಿಷ ಎಲ್ಲೂ ನಿಲ್ಲದೆ ಹೇಳಿದ. ಸಸಿಗೆ, ಕಳೆಗೆ, ಮುಟುರಿಗೆ, ತೇವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಸೀಡ್‌ಲಿಂಗ್, ವೀಡ್, ಕರ್ಲ್, ಡ್ಯಾಂಪ್. ನಾಲ್ಕರಲ್ಲಿ ಒಂದೂ ಅವನಿಗೆ ಗೊತ್ತಿರಲಿಲ್ಲ.

ಹೋಗುವ ಮುನ್ನ ತನ್ನ ನೋಟ್‌ಬುಕ್ಕು ತೋರಿಸಿದ. ಉದ್ದ ನೋಟ್‌ಬುಕ್ಕು, ಹಾಳೆಗೆ ಎರಡು ಕೆಂಪು ಗೀಟು. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಕನ್ನಡ ಲಿಪಿಯಲ್ಲಿ ಉಚ್ಚಾರ, ಬಲಕ್ಕೆ ಒಂದೇ ಪದದ ಅರ್ಥ. ಅಬೇಸ್, ಅವಮಾನಿಸು. ಅಬ್ಯಾಶ್, ನಾಚಿಸು. ಅಬೇಟ್, ತಗ್ಗು. ಪ್ರತಿ ಸಾಲಿನ ಕೊನೆಗೆ ಎಷ್ಟು ಸಲ ಉರು ಹೊಡೆದೆ ಎಂಬ ಲೆಕ್ಕದ ಸಣ್ಣ ಗೆರೆಗಳು.

“ದಿನಾ ಇಪ್ಪತ್ತು ಪದ ಮಾಡ್ತೀನ್ರಿ ಸರ್.”

“ನೆನಪು ಉಳೀತಾವೇನು?”

“ಮರೀತಾವ್ರಿ. ಮರೆತ ಮ್ಯಾಲೆ ಮತ್ತ ಮೊದಲಿಂದ ಮಾಡ್ತೀನ್ರಿ.”

ಅದು ಅವನ ಮೂರನೆಯ ನೋಟ್‌ಬುಕ್ಕು.

ಆ ಮೂರು ನೋಟ್‌ಬುಕ್ಕುಗಳನ್ನು ಅವನಿಂದ ಬರೆಸಿದವರ ಮೇಲೆ ನನಗೆ ಸಿಟ್ಟಿದೆ. ಬರೆಸಿದವರು ಒಬ್ಬಿಬ್ಬರಲ್ಲ. ಇಂಗ್ಲಿಷ್ ಬರಬೇಕಾದರೆ ‘ವೊಕ್ಯಾಬುಲರಿ’ ಬೆಳೆಸಿಕೋ, ದಿನಕ್ಕೆ ಹತ್ತಿಪ್ಪತ್ತು ಕಠಿಣ ಪದ ಬಾಯಿಪಾಠ ಮಾಡು, ಪದ ದೊಡ್ಡದಾದಷ್ಟೂ ನೀನು ದೊಡ್ಡವನು ಎಂದು ಈ ನಾಡಿನಲ್ಲಿ ಎಲ್ಲರೂ ಒಂದೇ ಬಾಯಲ್ಲಿ ಹೇಳುತ್ತಿದ್ದಾರೆ. ಕೋಚಿಂಗ್ ಸೆಂಟರಿನ ಮೇಷ್ಟ್ರು ಹೇಳುತ್ತಾರೆ. ಬೆಳಗಾದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನದ ಪದ ಬಂದು ಬೀಳುತ್ತದೆ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯ ಸಾಲು ಸಾಲು ರಟ್ಟುಗಳೂ ಅದನ್ನೇ ಸಾರುತ್ತವೆ. ಸ್ವತಃ ಇಂಗ್ಲಿಷ್ ಬಾರದ ಅಪ್ಪ ಅಮ್ಮ ಕೂಡ, ಮಗ ಬಾಯಲ್ಲಿ ನಿಲ್ಲದ ಪದ ಉದುರಿಸಿದರೆ ಸಮಾಧಾನಪಟ್ಟುಕೊಳ್ಳುತ್ತಾರೆ. ಯಾರೂ ಇದನ್ನು ಪ್ರಶ್ನೆ ಮಾಡುವುದಿಲ್ಲ. ಈ ನಂಬಿಕೆ ಸುಳ್ಳು. ಬಡ ಮಕ್ಕಳಿಂದ ವರ್ಷಗಳನ್ನೂ ದುಡ್ಡನ್ನೂ ಕಿತ್ತುಕೊಂಡು, ಕೊನೆಗೆ ಬಾಯಿಯನ್ನೂ ಕಟ್ಟಿಹಾಕುವ ಸುಳ್ಳು.

ಪದವೊಂದು ಗೊತ್ತಿದೆ ಎಂದರೆ ಏನು ಗೊತ್ತಿದೆ ಎಂದರ್ಥ? ನಮ್ಮ ಭಾಷೆಯನ್ನೇ ನೋಡಿ. ಸತ್ತರು, ತೀರಿಕೊಂಡರು, ಕಣ್ಣುಮುಚ್ಚಿದರು, ಹೋಗಿಬಿಟ್ಟರು, ಲಿಂಗೈಕ್ಯರಾದರು, ಗೊಟಕ್ ಅಂದರು. ಪದಪಟ್ಟಿ ಮಾಡುವವನ ಲೆಕ್ಕದಲ್ಲಿ ಆರೂ ಸಮಾನಾರ್ಥಕ. ಕನ್ನಡ ಕಲಿಯಲು ಬಂದ ಹೊರಗಿನವನೊಬ್ಬ ಆರನ್ನೂ ಉರು ಹೊಡೆದು, ಸಾವಾದ ಮನೆಗೆ ಹೋಗಿ, ಮಗನ ಕೈಹಿಡಿದು, ನಿಮ್ಮ ತಂದೆ ಗೊಟಕ್ ಅಂದರಂತೆ ಎಂದು ಪೂರ್ತಿ ಮರ್ಯಾದೆಯಿಂದ ಹೇಳಿದರೆ? ಅವನ ಪಟ್ಟಿಯ ಪ್ರಕಾರ ಅವನು ತಪ್ಪು ಮಾಡಿಲ್ಲ. ತಪ್ಪು ಪಟ್ಟಿಯದು. ಹಿಡಿತದಲ್ಲಿ ಸಂಸಾರ ತೂಗಿಸಿದ ಅಜ್ಜಿಯನ್ನು ಜುಗ್ಗಿ ಎಂದು ಯಾವ ಮೊಮ್ಮಗ ಕರೆದಾನು? ಹಿಡಿತ ಬೇರೆ, ಜಿಪುಣತನ ಬೇರೆ ಎಂದು ನಮಗೆ ಯಾರೂ ಪಟ್ಟಿ ಕೊಟ್ಟು ಕಲಿಸಲಿಲ್ಲ. ಮನೆಯಲ್ಲಿ, ಕಟ್ಟೆಯ ಮೇಲೆ, ಜಗಳದಲ್ಲಿ, ತಮಾಷೆಯಲ್ಲಿ ಕೇಳಿ ಕೇಳಿ ಬಂತು. ಆದರೆ ಇಂಗ್ಲಿಷಿನ ಥ್ರಿಫ್ಟಿ, ಫ್ರೂಗಲ್, ಸ್ಟಿಂಜಿ, ಮೈಸರ್ಲಿ ಪದಗಳನ್ನು ಒಂದೇ ಸಾಲಿನಲ್ಲಿ, ನಡುವೆ ಒಂದು ಅಲ್ಪವಿರಾಮ ಹಾಕಿ, ನಮ್ಮ ಮಕ್ಕಳ ಕೈಗೆ ಕೊಡುತ್ತೇವೆ.

ಅದರ ಫಲ ನನ್ನ ಕಣ್ಣೆದುರೇ ಇದೆ. ಉತ್ತರಪತ್ರಿಕೆಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ಹೈಸ್ಕೂಲಿನ ಹೆಡ್‌ಮಾಸ್ಟರು ಇಡೀ ತಾಲ್ಲೂಕಿಗೆ ‘ನೊಟೋರಿಯಸ್’ ಎಂದು ಬರೆದಿದ್ದಳು. ಅವರ ಮೇಲಿನ ಭಕ್ತಿ ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು. ಅವಳ ಪಟ್ಟಿಯಲ್ಲಿ ಆ ಪದದ ಎದುರು ‘ಪ್ರಸಿದ್ಧ’ ಎಂದಿತ್ತು. ಕೆಟ್ಟದ್ದಕ್ಕೆ ಹೆಸರಾದವರಿಗೆ ಮಾತ್ರ ಆ ಪದ ಎಂದು ಅವಳಿಗೆ ಹೇಳಿದವರಿರಲಿಲ್ಲ. ಇನ್ನೊಬ್ಬ ಹುಡುಗ ತನ್ನ ಕೈಬರಹವನ್ನು ‘ಅಮೀಲಿಯರೇಟ್’ ಮಾಡಿಕೊಳ್ಳುತ್ತಿದ್ದೇನೆ ಎಂದು ಬರೆದಿದ್ದ. ಬಡತನ, ನೋವು, ಜೈಲಿನ ದುಸ್ಥಿತಿ ಇಂಥವನ್ನು ಹಗುರ ಮಾಡುವುದಕ್ಕೆ ಬಳಸುವ ಪದ ಅದು. ‘ಇಂಪ್ರೂವ್’ ಅವನಿಗೆ ಗೊತ್ತಿತ್ತು, ಅದೇ ಸರಿಯಾದ ಪದವಾಗಿತ್ತು. ಸರಿಯಾದ ಪದ ಬಾಯಲ್ಲಿದ್ದರೂ ಅದು ಸಣ್ಣದೆಂದು ನಾಚಿಕೊಂಡು ತಪ್ಪು ಪದ ಹುಡುಕಿ ತಂದ. ಆ ನಾಚಿಕೆಯನ್ನು ಅವನೊಳಗೆ ಬಿತ್ತಿದವರು ಯಾರು? ಅವನಿಗೆ ಕಲಿಸಿದವರು, ಅವನನ್ನು ಅಳೆದವರು, ಅಂದರೆ ನಾವು.

ಪದಗಳು ಒಂಟಿಯಾಗಿ ಬದುಕುವುದಿಲ್ಲ. ನಾವು ಊಟ ಮಾಡುತ್ತೇವೆ, ಕಾಫಿ ಕುಡಿಯುತ್ತೇವೆ, ಬೀಡಿ ಸೇದುತ್ತೇವೆ, ನಶ್ಯ ಏರಿಸುತ್ತೇವೆ. ಒಂದರ ಜೊತೆಗಾರ ಇನ್ನೊಂದಕ್ಕೆ ಹೊಂದುವುದಿಲ್ಲ. ಇಂಗ್ಲಿಷಿನಲ್ಲೂ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಅದಲುಬದಲು ಮಾಡಿದರೆ ಕೇಳಿದವರಿಗೆ ಕಲ್ಲು ಕಡಿದಂತಾಗುತ್ತದೆ. ಪದವನ್ನು ಅದರ ಸಹವಾಸದಿಂದ ತಿಳಿಯಬೇಕು ಎಂದು ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲೇ ಹೇಳಿದ್ದರು. ಪಟ್ಟಿ ಮಾಡುವವನು ಮಾಡುವುದು ಇದರ ತದ್ವಿರುದ್ಧ ಕೆಲಸ. ಪದವನ್ನು ಅದರ ಮನೆ, ಬಳಗ, ಕೇರಿಯಿಂದ ಕಿತ್ತು ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತಾನೆ. ಹಾಗೆ ನೇತುಬಿದ್ದದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಸೋರಿಹೋಗುತ್ತಿತ್ತು. ಸಪ್ತಾಪುರದ ಹುಡುಗನಿಗೆ ಅಬೇಸ್, ಅಬ್ಯಾಶ್, ಅಬೇಟ್ ಎಂಬುವು ಆ ಅರ್ಥವಿಲ್ಲದ ಉಚ್ಚಾರಗಳೇ. ಅವನು ದಡ್ಡನಲ್ಲ. ಯಾವ ಮನುಷ್ಯನ ತಲೆಯೂ ಹಿಡಿದಿಟ್ಟುಕೊಳ್ಳದ ವಸ್ತುವನ್ನು ಅವನ ತಲೆಗೆ ತುಂಬುತ್ತಿದ್ದೇವೆ.

ಇಷ್ಟಕ್ಕೂ ಈ ಕಠಿಣ ಪದಗಳು ಎಲ್ಲಿ ಬೇಕಾಗುತ್ತವೆ? ಇದನ್ನು ನೂರು ವರ್ಷದ ಹಿಂದೆ ನಮ್ಮದೇ ಉಪಖಂಡದಲ್ಲಿ ಕುಳಿತು ಕೇಳಿದವರೊಬ್ಬರಿದ್ದರು. ಮೈಕೇಲ್ ವೆಸ್ಟ್ ಎಂಬ ಇಂಗ್ಲಿಷರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಿದ್ದರು. ಬಂಗಾಳದ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿತರೂ ಒಂದು ಪುಸ್ತಕ ಹಿಡಿದು ಓದಲಾರರು ಎಂಬುದನ್ನು ಅವರು ಕಂಡರು. ಕಾರಣ ಪಠ್ಯಪುಸ್ತಕದಲ್ಲೇ ಇತ್ತು. ಹಳೆಯ ಸಾಹಿತ್ಯದ, ಯಾರೂ ಆಡದ ಪದಗಳು ಪುಟಪುಟದಲ್ಲೂ ಕಿಕ್ಕಿರಿದಿದ್ದವು. ವೆಸ್ಟ್ ಅವನ್ನು ತೆಗೆದು, ದಿನಬಳಕೆಯ ಪದಗಳನ್ನಿಟ್ಟು, ಹೊಸ ಪದಗಳನ್ನು ದೂರದೂರಕ್ಕೆ ಹರಡಿ, ಒಂದೊಂದೂ ಮತ್ತೆ ಮತ್ತೆ ಎದುರಾಗುವಂತೆ ಪಾಠಗಳನ್ನು ಬರೆದರು. ಆ ದಾರಿಯಲ್ಲೇ ಮುಂದುವರಿದು 1953ರಲ್ಲಿ ಸುಮಾರು 2,000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’ ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ಬರುವ ನೂರು ಪದಗಳಲ್ಲಿ ಸುಮಾರು ಎಂಬತ್ತು ಈ ಎರಡು ಸಾವಿರದ ಒಳಗಿನವೇ ಆಗಿರುತ್ತವೆ. ಉನ್ನತ ಶಿಕ್ಷಣದ ಪುಸ್ತಕ ಓದುವವರಿಗಾಗಿ ನ್ಯೂಜಿಲೆಂಡಿನ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಇನ್ನೊಂದು ಪಟ್ಟಿ ಕೊಟ್ಟರು. ಅದರಲ್ಲಿರುವುದು 570 ಪದಕುಟುಂಬಗಳು, ಅಂಥ ಪುಸ್ತಕಗಳಲ್ಲಿ ನೂರಕ್ಕೆ ಸುಮಾರು ಹತ್ತು ಪದಗಳು ಅಲ್ಲಿಂದ ಬರುತ್ತವೆ. ಲಾಂಗ್‌ಮನ್ ಕಂಪನಿ 1978ರಲ್ಲಿ ಹೊರತಂದ ವಿದ್ಯಾರ್ಥಿ ನಿಘಂಟು ಹತ್ತಾರು ಸಾವಿರ ಪದಗಳಿಗೆ ಬರೀ ಎರಡು ಸಾವಿರದಷ್ಟು ಪದಗಳಲ್ಲೇ ಅರ್ಥ ಹೇಳಿತು. ಇಂಗ್ಲಿಷಿನ ಯಾವ ಪದದ ಅರ್ಥವನ್ನಾದರೂ ಎರಡು ಸಾವಿರ ಸಣ್ಣ ಪದಗಳಲ್ಲಿ ಹೇಳಬಹುದು ಎಂದಾದರೆ, ಸಂತೆಯ ಮಾತು, ಕಚೇರಿಯ ಮಾತು, ಮನದ ಮಾತು ಯಾವುದು ತಾನೇ ಅವುಗಳಲ್ಲಿ ಹೇಳಲಾರದ್ದು?

ಹಾಗೆಂದು ಈ ಎರಡು ಸಾವಿರ ಸುಲಭವೂ ಅಲ್ಲ. ಈ ಗುಟ್ಟನ್ನು ಪಟ್ಟಿ ಮಾರುವವರು ಬಿಟ್ಟುಕೊಡುವುದಿಲ್ಲ. ‘ಸೆಟ್’ ಎಂಬ ಮೂರಕ್ಷರದ ಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿಯಲ್ಲಿ 430 ಅರ್ಥಗಳಿವೆ. ಪುಟ್ ಆಫ್ ಅಂದರೆ ಮುಂದೂಡು, ಪುಟ್ ಔಟ್ ಅಂದರೆ ಆರಿಸು, ಪುಟ್ ಅಪ್ ವಿತ್ ಅಂದರೆ ಸಹಿಸಿಕೋ. ಇಂಗ್ಲಿಷ್ ಮನೆಮಾತಾದವರು ದಿನವಿಡೀ ಆಡುವುದು ಇವನ್ನೇ. ‘ಪ್ರೊಕ್ರಾಸ್ಟಿನೇಟ್’ ಗೊತ್ತಿರುವ ನಮ್ಮ ಹುಡುಗನಿಗೆ ‘ಪುಟ್ ಆಫ್’ ಗೊತ್ತಿರುವುದಿಲ್ಲ. ಗಿಡಕ್ಕೆ ಬೇರಿಲ್ಲ, ತುದಿಗೆ ಹೂ ಕಟ್ಟಿದ್ದೇವೆ.

ಮಂಗಳೂರು, ಉಡುಪಿ ಕಡೆಯ ನರ್ಸುಗಳು ಬ್ರಿಟನ್ನಿಗೆ, ಐರ್ಲೆಂಡಿಗೆ ಹೊರಡುವುದು ಈಗ ಮನೆಮನೆಯ ಕತೆ. ಅದಕ್ಕೆ ಅವರು ಸಾಮಾನ್ಯವಾಗಿ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಅವರಿಗೂ ಇದೇ ಪದಪಟ್ಟಿ ಹಂಚಲಾಗುತ್ತಿದೆ, ಎಕ್ಸಾಸರ್ಬೇಟ್, ಡೆಟ್ರಿಮೆಂಟಲ್, ಪ್ಲೆಥರಾ. ಆದರೆ ವಾರ್ಡಿನಲ್ಲಿ ಮಲಗಿರುವ ಎಂಬತ್ತರ ಮುದುಕಿ ಆ ಭಾಷೆಯಲ್ಲಿ ನರಳುವುದಿಲ್ಲ. ಮೈ ‘ಸೋರ್’ ಎನ್ನುತ್ತಾಳೆ, ತಲೆ ‘ಥ್ರಾಬ್’ ಆಗುತ್ತಿದೆ ಎನ್ನುತ್ತಾಳೆ, ಬೆರಳು ‘ನಂಬ್’, ಹೊಟ್ಟೆಯಲ್ಲಿ ‘ಕ್ವೀಸಿ’, ರಾತ್ರಿ ಎರಡು ಸಲ ‘ಥ್ರೂ ಅಪ್’ ಎನ್ನುತ್ತಾಳೆ. ‘ಐ ಪಾಸ್ಡ್ ಔಟ್’ ಎಂದರೆ ಅಲ್ಲಿ ಜ್ಞಾನತಪ್ಪಿ ಬಿದ್ದೆ ಎಂದರ್ಥ. ನಮ್ಮಲ್ಲಿ ಡಿಗ್ರಿ ಮುಗಿಸಿದೆ ಎಂದರ್ಥ. ರೋಗಿ ಹೇಳಿದ್ದು ನರ್ಸಿಗೆ ಅರ್ಥವಾಗದಿದ್ದರೆ ಏನಾಗಬಹುದು? ನಮ್ಮ ಹೆಣ್ಣುಮಕ್ಕಳು ಕೈಯಲ್ಲಿ ವಿದ್ಯೆ ಇಟ್ಟುಕೊಂಡೂ ಪರದೇಶದ ವಾರ್ಡಿನಲ್ಲಿ ಮೊದಲ ತಿಂಗಳು ಮೂಕರಾಗಿ ನಿಲ್ಲುತ್ತಾರಲ್ಲ, ಅವರ ಆ ಸಂಕಟಕ್ಕೆ ಹೊಣೆ ಯಾರು? ಒಇಟಿಯಲ್ಲಿ ಬರೆಸುವುದು ಸಾಮಾನ್ಯವಾಗಿ ಒಂದು ರೆಫರಲ್ ಪತ್ರ. ರೋಗಿಯ ಸ್ಥಿತಿಯನ್ನು ಇನ್ನೊಬ್ಬರಿಗೆ ಗೊಂದಲವಿಲ್ಲದೆ ತಿಳಿಸುವ ಪತ್ರ. ಅದಕ್ಕೆ ಬೇಕಾದದ್ದು ಸ್ಪಷ್ಟತೆ. ಅಲಂಕಾರ ತುಂಬಿಕೊಂಡು ಹೋದವರು ಮಾರ್ಕು ಕಳೆದುಕೊಂಡು, ಮತ್ತೆ ಸಾವಿರಗಟ್ಟಲೆ ಫೀಸು ಕಟ್ಟುತ್ತಾರೆ.

ದೊಡ್ಡ ಪದದಿಂದ ದೊಡ್ಡ ಹುದ್ದೆ ಎಂಬ ನಂಬಿಕೆ ಅಮೆರಿಕದಿಂದ ಆಮದಾದದ್ದು. ಜಾನ್ಸನ್ ಓ’ಕಾನರ್ ಎಂಬವರು ಕಂಪನಿಗಳ ಮೇಲಧಿಕಾರಿಗಳಿಗೆ ಪದಜ್ಞಾನದ ಪರೀಕ್ಷೆ ಕೊಟ್ಟರು. ಅವರೆಲ್ಲ ಹೆಚ್ಚು ಅಂಕ ಪಡೆದರು. 1934ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಪದಸಂಪತ್ತಿಗೂ ಯಶಸ್ಸಿಗೂ ನಂಟು ಕಟ್ಟಿ ಲೇಖನ ಬರೆದರು. 1942ರಲ್ಲಿ ವಿಲ್‌ಫ್ರೆಡ್ ಫಂಕ್ ಮತ್ತು ನಾರ್ಮನ್ ಲೂಯಿಸ್ ಮೂವತ್ತು ದಿನದಲ್ಲಿ ಪದಬಲ ಕೊಡುವ ಪುಸ್ತಕ ತಂದರು, 1949ರಲ್ಲಿ ಲೂಯಿಸ್ ಒಬ್ಬರೇ ‘ವರ್ಡ್ ಪವರ್ ಮೇಡ್ ಈಸಿ’ ತಂದರು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ರಾಶಿಯಲ್ಲಿ ಅದರ ನಕಲು ಇವತ್ತಿಗೂ ಸಿಗುತ್ತದೆ. ಆ ಅಧಿಕಾರಿಗಳಿಗೆ ಪದ ಬಂದದ್ದು ಹೇಗೆ? ಪುಸ್ತಕಗಳಿದ್ದ ಮನೆಯಲ್ಲಿ ಹುಟ್ಟಿ, ಒಳ್ಳೆಯ ಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಓದಿ, ಮಾತಾಡಿ, ಕಾಗದ ಬರೆದು. ಅನುಕೂಲಸ್ಥರ ಮನೆಯಲ್ಲಿ ಬೆಳ್ಳಿ ಲೋಟ ಇರುತ್ತದೆ ಎಂದು ಬೆಳ್ಳಿ ಲೋಟ ಕೊಂಡವನು ಅನುಕೂಲಸ್ಥನಾಗುವನೇ? ಇನ್ನೂ ಒಂದು ಮಾತಿದೆ. ಲೂಯಿಸ್ ಆ ಪುಸ್ತಕ ಬರೆದದ್ದು ಇಂಗ್ಲಿಷ್ ಆಡುತ್ತಲೇ ಬೆಳೆದ ಅಮೆರಿಕನ್ನರಿಗಾಗಿ. ಸಸಿ, ಕಳೆ, ತೇವ ಎಲ್ಲದರ ಇಂಗ್ಲಿಷ್ ಅವರಿಗೆ ಐದನೇ ವರ್ಷಕ್ಕೇ ಬಂದಿತ್ತು. ತಳಪಾಯ ಇದ್ದವರಿಗೆ ಕೊಟ್ಟ ಮಾಳಿಗೆಯ ನಕ್ಷೆಯನ್ನು, ಇನ್ನೂ ಮನೆಯನ್ನೇ ಕಟ್ಟದ ನಮ್ಮ ಮಕ್ಕಳಿಗೆ ಕೊಟ್ಟು ಕೂರಿಸಿದೆವು.

ಅಮೆರಿಕದವರೇ ಈಗ ಆ ದಾರಿ ಬಿಟ್ಟಿದ್ದಾರೆ. ಅಲ್ಲಿನ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ 1994ರಲ್ಲಿ ವಿರುದ್ಧಪದದ ಪ್ರಶ್ನೆಗಳನ್ನು ಕೈಬಿಟ್ಟಿತು, 2005ರಲ್ಲಿ ಪದಗಳ ಹೋಲಿಕೆಯ ಪ್ರಶ್ನೆಗಳನ್ನು ತೆಗೆಯಿತು, 2016ರಲ್ಲಿ ಅಪರೂಪದ ಪದಗಳನ್ನೇ ಬದಿಗಿಟ್ಟು ಓದುವ ಭಾಗದೊಳಗೆ ಬರುವ ಪದದ ಅರ್ಥ ಕೇಳತೊಡಗಿತು. ಇಡೀ ಭಾರತದ ಎಂಜಿನಿಯರುಗಳಿಂದ ಬ್ಯಾರನ್ಸ್ ಪುಸ್ತಕದ 3,500 ಪದಗಳನ್ನು ಉರು ಹೊಡೆಸಿದ ಜಿಆರ್‌ಇ ಎಂಬ ಉನ್ನತ ವ್ಯಾಸಂಗ ಪ್ರವೇಶದ ಪರೀಕ್ಷೆಯೂ 2011ರ ಆಗಸ್ಟಿನಲ್ಲಿ ವಿರುದ್ಧಪದ ಮತ್ತು ಹೋಲಿಕೆಯ ಪ್ರಶ್ನೆಗಳಿಗೆ ಕೊನೆ ಹಾಡಿತು. ನಾವು? ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಸಿಜಿಎಲ್ ಪರೀಕ್ಷೆಯಲ್ಲಿ ಇಂದಿಗೂ ಸಮಾನಾರ್ಥಕ, ವಿರುದ್ಧಪದ, ನುಡಿಗಟ್ಟು, ಹಲವು ಪದಕ್ಕೆ ಒಂದು ಪದ. ಇನ್‌ಕಂ ಟ್ಯಾಕ್ಸ್ ಇನ್‌ಸ್ಪೆಕ್ಟರನ್ನು, ಲೆಕ್ಕಪರಿಶೋಧಕರನ್ನು ಆರಿಸುವ ಪರೀಕ್ಷೆ ಇದು. ಅದಕ್ಕೆ ಕೂರುವ ಮಗುವಿನ ನೋಟ್‌ಬುಕ್ಕಿನಲ್ಲಿ ರಾಜನನ್ನು ಕೊಲ್ಲುವುದಕ್ಕೆ ರೆಜಿಸೈಡ್, ಹೆಂಡತಿಯನ್ನು ಕೊಲ್ಲುವುದಕ್ಕೆ ಅಕ್ಸೋರಿಸೈಡ್, ನಾಣ್ಯ ಸಂಗ್ರಹಿಸುವವನಿಗೆ ನ್ಯೂಮಿಸ್ಮ್ಯಾಟಿಸ್ಟ್. ತೆರಿಗೆ ಕಚೇರಿಯಲ್ಲಿ ಇವುಗಳಿಂದ ಯಾವ ಕಡತ ಮುಂದಕ್ಕೆ ಹೋಗುತ್ತದೆ? ಕೌಂಟರಿಗೆ ಬಂದ ಅಂಗಡಿಯವನಿಗೆ ನೋಟಿಸಿನ ಅರ್ಥ ಬಿಡಿಸಿ ಹೇಳಬಲ್ಲವರು ಯಾರು, ಗೊಂದಲವಿಲ್ಲದ ನಾಲ್ಕು ಸಾಲಿನ ಟಿಪ್ಪಣಿ ಬರೆಯಬಲ್ಲವರು ಯಾರು ಎಂದು ನೋಡಬೇಕಾದ ಪರೀಕ್ಷೆ, ಯಾರು ಹೆಚ್ಚು ಉರು ಹೊಡೆದರು ಎಂದು ನೋಡುತ್ತಿದೆ.

ಇದರಲ್ಲಿ ಯಾರು ಸೋಲುತ್ತಾರೆ ಎಂಬುದನ್ನೂ ಹೇಳಲೇಬೇಕು. ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದಿದ ಹುಡುಗಿಗೆ ಈ ಪದಗಳಲ್ಲಿ ಅರ್ಧ ಕಾದಂಬರಿ ಓದುವಾಗಲೇ ಬಂದಿರುತ್ತವೆ. ಅವಳು ಪಟ್ಟಿಯನ್ನು ಒಂದು ವಾರ ತಿರುವಿ ಹಾಕುತ್ತಾಳೆ. ಹಾವೇರಿಯ ಸರ್ಕಾರಿ ಶಾಲೆಯ ಹುಡುಗ ಮೂರು ವರ್ಷ ಕೂರುತ್ತಾನೆ. ಅವನ ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ರೂಮಿನ ಬಾಡಿಗೆ, ಮೆಸ್ಸು, ಕೋಚಿಂಗ್ ಫೀಸು ಹೋಗುತ್ತದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾದದ್ದು 2007ರಲ್ಲಿ. ಆಮೇಲೆ ಶಾಲೆಗೆ ಸೇರಿದ ಮಕ್ಕಳು ಈಗ ಡಿಗ್ರಿ ಮುಗಿಸಿ ಬರುತ್ತಿದ್ದಾರೆ. ಹನ್ನೆರಡು ವರ್ಷ ಕಲಿತೂ ರಜೆಯ ಅರ್ಜಿಯೊಂದನ್ನು ತಾವೇ ಬರೆಯಲಾರದ ಎಷ್ಟು ಮಂದಿಯನ್ನು ನಾನೇ ನೋಡಿದ್ದೇನೆ. ಹನ್ನೆರಡು ವರ್ಷದಲ್ಲಿ ಆ ಮಗುವಿನ ಕೈಗೆ ಪಠ್ಯ ಬಿಟ್ಟು ಎಷ್ಟು ಇಂಗ್ಲಿಷ್ ಕತೆಪುಸ್ತಕ ಕೊಟ್ಟೆವು? ಶಾಲೆಯ ಬೀರುವಿನಲ್ಲಿ ಪುಸ್ತಕಗಳಿದ್ದರೂ ಕಳೆದುಹೋದರೆ ಲೆಕ್ಕ ಕೊಡಬೇಕೆಂದು ಬೀಗ ಹಾಕಿಟ್ಟ ಮೇಷ್ಟ್ರುಗಳನ್ನು ಬಲ್ಲೆ. ಓದನ್ನು ಬೀರುವಿನಲ್ಲಿ ಬೀಗ ಹಾಕಿಟ್ಟು, ಹುಡುಗ ಇಪ್ಪತ್ತೆರಡರ ಹರೆಯಕ್ಕೆ ಬಂದಾಗ ಅವನ ಕೈಗೆ ಪಟ್ಟಿ ಕೊಟ್ಟು ಇನ್ನು ನಿನ್ನ ಹಣೆಬರಹ ಎನ್ನುವುದು ಯಾವ ನ್ಯಾಯ?

ದೊಡ್ಡ ಪದಕ್ಕೆ ಇರುವ ಗೌರವ ಕೂಡ ಹುಸಿ. ಶಶಿ ತರೂರ್ 2017ರಲ್ಲಿ ‘ಫರ್ರಾಗೋ’ ಎಂದು ಟ್ವೀಟ್ ಮಾಡಿದಾಗ ದೇಶವೇ ನಿಘಂಟು ತೆರೆಯಿತು, ಮರುವರ್ಷ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂದಾಗ ಟಿವಿಗಳು ಸಂಭ್ರಮಿಸಿದವು. ಅವರ ಮೇಲೆ ನನ್ನ ದೂರಿಲ್ಲ. ತಾವು ಬಾಲ್ಯದಿಂದ ಪುಸ್ತಕದಲ್ಲೇ ಮುಳುಗಿ ಬೆಳೆದವರೆಂದು ಅವರೇ ಹಲವು ಸಲ ಹೇಳಿದ್ದಾರೆ. ದೂರಿರುವುದು, ಆ ಓದನ್ನು ಬಿಟ್ಟು ಪದವನ್ನಷ್ಟೇ ಹೆಕ್ಕಿ ಮಕ್ಕಳಿಗೆ ಮಾದರಿಯೆಂದು ತೋರಿಸಿದವರ ಮೇಲೆ. ಬೇಡದ ಕಡೆ ಕಠಿಣ ಪದ ಬಳಸಿದರೆ ಓದುಗರು ಬರೆದವನನ್ನು ಹೆಚ್ಚು ಬುದ್ಧಿವಂತ ಎಂದುಕೊಳ್ಳುವುದಿಲ್ಲ, ಕಡಿಮೆ ಬುದ್ಧಿಯವನು ಎಂದುಕೊಳ್ಳುತ್ತಾರೆ ಎಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಡೇನಿಯಲ್ ಒಪ್ಪನ್‌ಹೈಮರ್ ಪ್ರಯೋಗ ಮಾಡಿ 2006ರಲ್ಲಿ ತೋರಿಸಿದರು. ಅಮೆರಿಕ 2010ರಲ್ಲಿ ಸರ್ಕಾರಿ ಕಾಗದಪತ್ರ ಸರಳ ಭಾಷೆಯಲ್ಲೇ ಇರಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ, 2017ರಲ್ಲಿ, ಹಿಮಾಚಲ ಪ್ರದೇಶ ಹೈಕೋರ್ಟಿನ ಒಂದು ತೀರ್ಪಿನ ಇಂಗ್ಲಿಷ್ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೇ ಅರ್ಥವಾಗಲಿಲ್ಲ. ತೀರ್ಪನ್ನು ರದ್ದು ಮಾಡಿ, ಮತ್ತೆ ಬರೆಯುವಂತೆ ವಾಪಸು ಕಳಿಸಿದರು. ಅದು ಮನೆ ಮಾಲೀಕ ಮತ್ತು ಬಾಡಿಗೆದಾರರ ವ್ಯಾಜ್ಯ. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಇಬ್ಬರು ಮನುಷ್ಯರು ಮತ್ತೆ ಸಾಲಿನಲ್ಲಿ ನಿಂತರು. ಪದಮೋಹ ಬಡವರ ಮನೆಗೆ ಬಂದು ತಟ್ಟುವುದು ಹೀಗೆ.

ಇಂಗ್ಲಿಷನ್ನು ನಿಜವಾಗಿ ದಕ್ಕಿಸಿಕೊಂಡವರು ನಮ್ಮ ನೆಲದಲ್ಲೇ ಇದ್ದರು. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಕುಳಿತು 1935ರಲ್ಲಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಕೊಟ್ಟರು, ಮುಂದೆ ‘ದಿ ಗೈಡ್’ ಕೊಟ್ಟರು. ಜಗತ್ತು ಓದಿತು. ಅವರ ಯಾವ ಪುಟವನ್ನಾದರೂ ತೆರೆಯಿರಿ, ಹೈಸ್ಕೂಲು ಮಗುವನ್ನು ಹೆದರಿಸುವ ಪದ ಹುಡುಕಿದರೂ ಸಿಗುವುದು ಕಷ್ಟ. ಪರೀಕ್ಷೆಯ ಭಯ, ಹೊಸ ಗೆಳೆಯನ ಮೇಲಿನ ಹೊಟ್ಟೆಕಿಚ್ಚು, ಅಜ್ಜಿಯ ಕೋಣೆಯ ವಾಸನೆ, ಎಲ್ಲವೂ ಸಣ್ಣ ಪದಗಳಲ್ಲೇ ಬಂದವು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರೊಫೆಸರು. ಆ ಸಾಹಿತ್ಯವನ್ನು ಅರೆದು ಕುಡಿದವರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ತಂದಾಗ ಅದರ ಬೆಡಗನ್ನು ತಿಳಿಗನ್ನಡಕ್ಕೆ ಇಳಿಸಿದರು, ಪಾಂಡಿತ್ಯದ ಹೊರೆಯನ್ನು ನಮ್ಮ ತಲೆಯ ಮೇಲೆ ಹೇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನೇಯುವವರು, ಅಂಬಿಗರು, ಸೂಳೆಯರು, ಕಾಯಕದ ಮಾತಿನಲ್ಲೇ ದೇವರನ್ನು ಮಾತಾಡಿಸಿದ ನಾಡು ಇದು. ಸಣ್ಣ ಮಾತಿಗೆ ನಾಚಿಕೊಳ್ಳುವುದನ್ನು ನಾವು ಎಲ್ಲಿಂದ ಕಲಿತೆವು?

ನಾನು ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ಬೇಕು, ಚೆನ್ನಾಗಿ ಬೇಕು, ಹಳ್ಳಿಯ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಬೇಕು. ಅದಕ್ಕೇ ಈ ಪಟ್ಟಿಗಳು ತೊಲಗಬೇಕು ಎನ್ನುತ್ತಿದ್ದೇನೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಒಂಟಿ ಪದಗಳ ಪ್ರಶ್ನೆಗಳನ್ನು ಪೂರ್ತಿ ಕಿತ್ತುಹಾಕಲಿ, ಅಂಥ ಪ್ರಶ್ನೆ ಕೇಳುವ ನಮ್ಮ ರಾಜ್ಯದ ನೇಮಕಾತಿ ಪರೀಕ್ಷೆಗಳೂ ಅದನ್ನೇ ಮಾಡಲಿ. ಬದಲಿಗೆ ಒಂದು ಪುಟ ಕೊಟ್ಟು ಓದಿಸಲಿ, ಓದಿದ್ದನ್ನು ಆರು ಸಾಲಿನಲ್ಲಿ ಬರೆಸಲಿ. ತಿದ್ದುವುದು ಕಷ್ಟ, ಖರ್ಚು ಜಾಸ್ತಿ ಎಂದು ಅಧಿಕಾರಿಗಳು ಹೇಳುತ್ತಾರೆ. ಲಕ್ಷಾಂತರ ಮಕ್ಕಳ ಮೂರು ಮೂರು ವರ್ಷಕ್ಕಿಂತ ಅದು ದೊಡ್ಡ ಖರ್ಚೇ? ಶಿಕ್ಷಣ ಇಲಾಖೆ ಪ್ರತಿ ಪ್ರೌಢಶಾಲೆಗೂ ಸುಲಭ ಇಂಗ್ಲಿಷಿನ ಕತೆಪುಸ್ತಕಗಳನ್ನು ಕೊಡಲಿ, ಬೀರುವಿನ ಬೀಗ ತೆಗೆಸಲಿ, ಹರಿದ ಪುಸ್ತಕಕ್ಕೆ ಮೇಷ್ಟ್ರ ಸಂಬಳ ಹಿಡಿಯುವುದಿಲ್ಲ ಎಂದು ಸುತ್ತೋಲೆ ಹೊರಡಿಸಲಿ. ವಾರಕ್ಕೆ ಎರಡು ಪೀರಿಯಡ್ಡು ಸುಮ್ಮನೆ ಓದುವುದಕ್ಕೆ ಬಿಡಲಿ. ಕನ್ನಡದಲ್ಲೇ ಅರ್ಥ, ಕನ್ನಡದಲ್ಲೇ ಬಳಕೆಯ ವಿವರ, ಪ್ರತಿ ಪದಕ್ಕೂ ನಾಲ್ಕು ವಾಕ್ಯ ಇರುವ, ಎರಡು ಸಾವಿರ ಪದದ ಒಂದು ವಿದ್ಯಾರ್ಥಿ ನಿಘಂಟನ್ನು ನಮ್ಮ ವಿಶ್ವವಿದ್ಯಾಲಯಗಳು ಮಾಡಿಕೊಡಲಿ. ಕಿಟ್ಟೆಲ್ ಕಟ್ಟಿ 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಇಷ್ಟೊಂದು ಇಂಗ್ಲಿಷ್ ವಿಭಾಗಗಳು, ಕನ್ನಡ ವಿಭಾಗಗಳು ಕೈಜೋಡಿಸಿದರೆ ಎರಡು ಸಾವಿರ ಪದಕ್ಕೆ ಶಕ್ತಿ ಇಲ್ಲವೇ?

ಇಂಗ್ಲಿಷ್ ಕಲಿಸುವ ನನ್ನಂಥವರು ನಾಳೆಯಿಂದಲೇ ಮಾಡಬಹುದಾದದ್ದೂ ಇದೆ. ‘ವರ್ಡೆಂಟ್’ಗೆ ಹೆಚ್ಚಿನ ಮಾರ್ಕು ಕೊಡುವುದನ್ನು ನಿಲ್ಲಿಸಬೇಕು. ‘ಗ್ರೀನ್’ ಎಂದು ಬರೆದ ಮಗುವಿಗೆ ಪೂರ್ತಿ ಮಾರ್ಕು ಕೊಟ್ಟು, ಯಾವುದು ಗ್ರೀನ್, ಎಷ್ಟು ಗ್ರೀನ್, ಮಳೆಯ ಮುಂಚೆಯೋ ಆಮೇಲೋ ಎಂದು ಮುಂದಿನ ಪ್ರಶ್ನೆ ಕೇಳಬೇಕು.

ಆ ಹಾವೇರಿಯ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ. ನೋಟ್‌ಬುಕ್ಕನ್ನು ತಿರುಗಿಸಿ ಹಿಂದಿನ ಖಾಲಿ ಹಾಳೆಯಲ್ಲಿ ನಿಮ್ಮ ಹೊಲದ ಒಂದು ದಿನವನ್ನು ಬರಿ, ಗೊತ್ತಿಲ್ಲದ ಕಡೆ ಕನ್ನಡ ಪದವನ್ನೇ ಹಾಕು, ಆಮೇಲೆ ಇಬ್ಬರೂ ಕೂತು ಹುಡುಕೋಣ ಅಂದೆ. ಅರ್ಧ ಗಂಟೆ ಬರೆದ. ಒಂಬತ್ತು ಸಾಲು. ಕ್ರಿಯಾಪದಗಳು ಎಡವಿದ್ದವು, ನಡುನಡುವೆ ಏಳು ಕನ್ನಡ ಪದಗಳಿದ್ದವು. ಕೊನೆಯ ಸಾಲಿನಲ್ಲಿ, ಸಂಜೆ ಮೋಡವಾದಾಗ ಅವನ ಅವ್ವ ಕಣದ ಕಾಯಿಯ ಮೇಲೆ ತಾಡಪತ್ರಿ ಎಳೆಯಲು ಓಡಿದ್ದು ಇತ್ತು. ಓಡಿದ್ದಕ್ಕೆ ‘ರ‍್ಯಾನ್’ ಎಂದು ಬರೆದು, ಸಣ್ಣ ಪದವಾಯಿತೇನೋ ಎಂದು ಹೊಡೆದುಹಾಕಿ, ಮೇಲೆ ‘ಸ್ಕರೀಡ್’ ಎಂದು ಬರೆದಿದ್ದ. ಪೆನ್ನು ಇಸಿದುಕೊಂಡು ಅದನ್ನು ಹೊಡೆದು, ‘ರ‍್ಯಾನ್’ ಎಂಬುದನ್ನು ಮತ್ತೆ ಬರೆದುಕೊಟ್ಟೆ.